ಮರಳಿಗೆ ತಿರುಪು ಹಾಕಿದ ಅಲೆಕ್ಸಾಂಡರ್ ಮಿಚೆಲ್: ವಿದ್ಯಾರ್ಥಿಗಳಿಗೆ ಇವರ ಕಥೆಯನ್ನು ಹೇಗೆ ಹೇಳಬೇಕು?

ಡಂಪಿ ಲೆವೆಲ್:
ವೇದಿಕೆಯ ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನಕ್ಕೆ ನಮ್ಮೂರಿನ ಪಾಲಿಟೆಕ್ನಿಕ್‌ನವರು ಒಂದು ಗಂಟೆ ಮಾತನಾಡಲು ಕರೆದಿದ್ದಾರೆ. ವಿಶ್ವೇಶ್ವರಯ್ಯನವರ ಬಗ್ಗೆ ಅಲ್ಲಿ ನಾನೇ ನಾಲ್ಕು ಸಲ ಮಾತನಾಡಿ ಮುಗಿಸಿದ್ದೇನೆ. ಆದ್ದರಿಂದ ಈ ವರ್ಷ ಕಣ್ಣಿಗೆ ಬೀಳದ ಕೆಲಸದ, ಅಂದರೆ ಅಡಿಪಾಯದ ಎಂಜಿನಿಯರ್ ಒಬ್ಬರ ಬದುಕನ್ನು ಎತ್ತಿಕೊಳ್ಳೋಣ ಎಂದು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ಅವರನ್ನು ಆಯ್ದುಕೊಂಡಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅವರು 1780ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ ಬೆಲ್‌ಫಾಸ್ಟ್‌ನಲ್ಲಿ ಬೆಳೆದರು. ಹರೆಯದಲ್ಲೇ ದೃಷ್ಟಿ ಮಂಜಾಗುತ್ತ ಬಂದು, ಇಪ್ಪತ್ತೆರಡರ ಹೊತ್ತಿಗೆ ಪೂರ್ತಿ ಹೋಯಿತು. 1833ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಸ್ಕ್ರೂ ಪೈಲ್‌ಗೆ ಪೇಟೆಂಟ್ ಪಡೆದರು. ತುದಿಯಲ್ಲಿ ಅಗಲವಾದ ತಿರುಪಿನ ಎಲೆಯುಳ್ಳ ಕಬ್ಬಿಣದ ಕಂಬವನ್ನು ಸಮುದ್ರದ ಮರಳಿನೊಳಕ್ಕೆ ತಿರುಗಿಸಿ ಇಳಿಸಿ, ಅದರ ಮೇಲೆ ದೀಪಸ್ತಂಭಗಳನ್ನೇ ನಿಲ್ಲಿಸಿದರು. 1868ರಲ್ಲಿ ಬೆಲ್‌ಫಾಸ್ಟ್ ಬಳಿ ತೀರಿಕೊಂಡರು.

ನನ್ನ ಪ್ರಶ್ನೆ ಹೀಗಿದೆ. ಮಾತಿನ ಆರಂಭದಲ್ಲಿ ನಾಲ್ವರು ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಮಾದರಿ ಕಂಬವನ್ನು ಮರಳಿಗೆ ಇಳಿಸಲು ಹೇಳಿ, "ನಿಮಗೆ ಆಗದ್ದನ್ನು ಈ ಮಹಾನುಭಾವರು ಜೀವನವಿಡೀ ಮಾಡಿದರು" ಎಂದು ತೊಡಗಿದರೆ ಪರಿಣಾಮಕಾರಿಯಾಗಿರುತ್ತದೆಯೇ? ನಿಮ್ಮ ಸಲಹೆಗಳಿಗೆ ಕಾದಿರುತ್ತೇನೆ.

ತುಂಗಾತೀರ:
ಬಹಳ ಒಳ್ಳೆಯ ಆಯ್ಕೆ ಸರ್. ಮಕ್ಕಳು ಮರೆಯಲಾರರು. ಖಂಡಿತ ಮಾಡಿ.

ಚಿಕಿತ್ಸಕ:
ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೇನೆ ಎಂದು ಭಾವಿಸಬೇಡಿ. ತಿರುಪು ಎಂಬುದು ಮಿಚೆಲ್ ಅವರಿಗಿಂತ ಎರಡು ಸಾವಿರ ವರ್ಷ ಹಳೆಯದು, ಬಡಗಿಯ ಬೈರಿಗೆ ಯಾವ ಕಾಲದ್ದೋ ಯಾರಿಗೆ ಗೊತ್ತು. ಇದ್ದ ತಿರುಪನ್ನು ದೊಡ್ಡದು ಮಾಡಿ ನೆಲಕ್ಕೆ ಚುಚ್ಚಿದ್ದನ್ನು "ಆವಿಷ್ಕಾರ" ಎಂದು ಕರೆಯುವ ಮೊದಲು ಸ್ವಲ್ಪ ಯೋಚಿಸಬೇಕು. ಪೇಟೆಂಟ್ ಸಿಕ್ಕಿತು ಎಂಬ ಮಾತ್ರಕ್ಕೆ ವಿಚಾರ ಹೊಸದು ಎಂದಾಗುವುದಿಲ್ಲ.

ಡಂಪಿ ಲೆವೆಲ್:
ಚಿಕಿತ್ಸಕರೇ, ತಮ್ಮ ಆಕ್ಷೇಪಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಥೇಮ್ಸ್ ನದೀಮುಖದ ಮ್ಯಾಪ್ಲಿನ್ ಮರಳುದಿಬ್ಬದಲ್ಲಿ 1838ರಲ್ಲಿ ಮಿಚೆಲ್ ಇಳಿಸಿದ ಕಂಬಗಳ ಕಾಂಡ 5 ಅಂಗುಲ ದಪ್ಪ, ಅದರ ತುದಿಯ ತಿರುಪಿನ ಎಲೆ 4 ಅಡಿ ಅಗಲ. ಅಂಗುಲದಲ್ಲಿ 48ನ್ನು 5ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 92 ಬರುತ್ತದೆ. ಅಂದರೆ ಬರೀ ಕಾಂಡದ ತುದಿ ಮರಳಿನ ಮೇಲೆ ಊರುವ ಜಾಗದ 92 ಪಟ್ಟು ಜಾಗದ ಮೇಲೆ ಆ ಎಲೆ ಊರುತ್ತದೆ. ಇಷ್ಟು ಅಗಲದ ತಟ್ಟೆಯೊಂದನ್ನು ಸುತ್ತಿಗೆಯಿಂದ ಬಡಿದು ನೀರಿನಡಿಯ ಮರಳಿನಲ್ಲಿ 22 ಅಡಿ ಆಳಕ್ಕೆ ಇಳಿಸುವುದು ಸಾಧ್ಯವೇ ಇಲ್ಲ, ಗುಂಡಿ ತೋಡಿ ಇಡೋಣವೆಂದರೆ ಸಮುದ್ರದಲ್ಲಿ ಗುಂಡಿ ನಿಲ್ಲುವುದಿಲ್ಲ. ಇಳಿಯುವಾಗ ತಿರುಪು, ನಿಂತ ಮೇಲೆ ತಟ್ಟೆ: ಒಂದೇ ವಸ್ತುವಿಗೆ ಹೀಗೆ ಎರಡು ಕಾಲಗಳಲ್ಲಿ ಎರಡು ಕೆಲಸ ಕೊಟ್ಟದ್ದೇ ಹೊಸ ವಿಚಾರ. ಬಡಗಿಯ ಬೈರಿಗೆಯನ್ನು ಕೆಲಸ ಮುಗಿದ ಮೇಲೆ ಹೊರಗೆ ತೆಗೆಯುತ್ತಾರೆ, ಇದನ್ನು ಒಳಗೇ ಬಿಡುತ್ತಾರೆ.

ಗಣಿತದ ಮೇಷ್ಟ್ರು:
ಮೇಲಕ್ಕೆ ಎಳೆದರೂ ಅದೇ ಎಲೆ ಅದರ ಮೇಲಿರುವ ಮಣ್ಣನ್ನೆಲ್ಲ ಎತ್ತಬೇಕಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಆದ್ದರಿಂದಲೇ ಹಡಗುಗಳನ್ನು ಕಟ್ಟಿ ನಿಲ್ಲಿಸುವ ಲಂಗರುನೆಲೆಗಳಿಗೂ ಅವರ ತಿರುಪು ಬಳಕೆಯಾಯಿತು. ಒತ್ತುವುದಕ್ಕೂ ಎಳೆಯುವುದಕ್ಕೂ ಒಂದೇ ಉತ್ತರ.

ಚಿಕಿತ್ಸಕ:
ಲೆಕ್ಕವನ್ನು ಒಪ್ಪಿದೆ. "ಇಳಿಯುವಾಗ ತಿರುಪು, ನಿಂತ ಮೇಲೆ ತಟ್ಟೆ" ಎಂಬುದನ್ನು ಮೊದಲ ಪೋಸ್ಟಿನಲ್ಲೇ ಹೇಳಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ.

ಬಿಳಿಕೋಲು:
ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು, ಸರ್ಕಾರಿ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ, ಈ ಚರ್ಚೆಯನ್ನು ಫೋನು ಓದಿ ಹೇಳುತ್ತಿದೆ. ಡಂಪಿ ಲೆವೆಲ್ ಅವರ ಸದುದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಣ್ಣಿಗೆ ಬಟ್ಟೆ ಕಟ್ಟುವ ಆಟವನ್ನು ದಯವಿಟ್ಟು ಕೈಬಿಡಿ.

ಕಾರಣ ಹೇಳುತ್ತೇನೆ. ಬಟ್ಟೆ ಕಟ್ಟಿಸಿಕೊಂಡ ಹುಡುಗನಿಗೆ ಐದು ನಿಮಿಷದಲ್ಲಿ ತಿಳಿಯುವುದು ತಡಕಾಟ, ಭಯ ಮತ್ತು ಗೆಳೆಯರ ನಗು, ಇಷ್ಟೇ. ಮಿಚೆಲ್ ಅವರ ಬಳಿ ಇದ್ದದ್ದು ಅದಲ್ಲ. ಅವರು 1802ರ ಸುಮಾರಿಗೆ ಸಾಲ ಮಾಡಿ ಬೆಲ್‌ಫಾಸ್ಟ್‌ನ ಬ್ಯಾಲಿಮಕಾರೆಟ್‌ನಲ್ಲಿ ಇಟ್ಟಿಗೆ ಸುಡುವ ಕೆಲಸಕ್ಕೆ ಕೈ ಹಾಕಿದರು, ಅದೇ ಕೆಲಸಕ್ಕೆ ಬೇಕಾದ ಯಂತ್ರಗಳನ್ನು ತಾವೇ ರೂಪಿಸಿದರು, ಮನೆಗಳನ್ನು ಕಟ್ಟಿಸಿದರು, ಮೂವತ್ತು ವರ್ಷ ಆ ವ್ಯವಹಾರ ನಡೆಸಿ 1832ರಲ್ಲಿ ಅದರಿಂದ ಹೊರಬಂದರು. ಅದರ ಮರುವರ್ಷವೇ ಪೇಟೆಂಟ್. ಮೂವತ್ತು ವರ್ಷ ಜೇಡಿಮಣ್ಣನ್ನು ಹದ ಮಾಡಿಸಿದ ಕೈಗೆ ನೆಲ ಎಷ್ಟು ಒತ್ತಿದರೆ ಎಷ್ಟು ಬಿಟ್ಟುಕೊಡುತ್ತದೆ ಎಂಬುದು ಗೊತ್ತಿಲ್ಲದೆ ಇರುತ್ತದೆಯೇ? ಜೀವನಚರಿತ್ರೆಗಳಲ್ಲಿ ಅಂಧತ್ವಕ್ಕೆ ಮೂರು ಪುಟ ಕೊಟ್ಟು ಇಟ್ಟಿಗೆ ಭಟ್ಟಿಗೆ ಒಂದು ಸಾಲು ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಅವರನ್ನು ಪವಾಡಪುರುಷರನ್ನಾಗಿ ಮಾಡಿದ ಕೂಡಲೇ ಅವರು ಕಸುಬುದಾರರಾಗಿದ್ದರು ಎಂಬುದು ಮರೆಯಾಗುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಬೇಕಾಗಿರುವುದು ಕಸುಬುದಾರರ ಕಥೆ.

ತುಂಗಾತೀರ:
ನಾನು ಅವಸರದಲ್ಲಿ "ಖಂಡಿತ ಮಾಡಿ" ಎಂದುಬಿಟ್ಟೆ. ಬಿಳಿಕೋಲು ಅವರ ಮಾತು ಓದಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕಾರ್ಕ್ ಕನ್ನಡಿಗ:
ನಾನು ಹನ್ನೊಂದು ವರ್ಷಗಳಿಂದ ಐರ್ಲೆಂಡಿನ ಕಾರ್ಕ್ ನಗರದಲ್ಲಿದ್ದೇನೆ. ಕೋವ್ ಬಂದರಿನ ಸ್ಪಿಟ್‌ಬ್ಯಾಂಕ್ ದೀಪಸ್ತಂಭವನ್ನು ದೋಣಿಯಲ್ಲಿ ಹೋಗುವಾಗ ಹತ್ತಿರದಿಂದ ನೋಡಬಹುದು. ಮಿಚೆಲ್ ಅವರೇ ಕಟ್ಟಿಸಿದ, 1853ರಿಂದ ಉರಿಯುತ್ತಿರುವ ದೀಪ ಅದು. ನೀರಿನಿಂದೆದ್ದ ಕಬ್ಬಿಣದ ಕಾಲುಗಳ ಮೇಲೆ ಒಂದು ಪುಟ್ಟ ಮನೆ, ನಮ್ಮ ಹೊಲಗಳಲ್ಲಿ ಹಂದಿ ಕಾಯಲು ಹಾಕುವ ಅಟ್ಟಣೆಯಂತೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಇಷ್ಟು ಸಣಕಲು ಕಾಲುಗಳು ಅಲೆಗೆ ಹೇಗೆ ತಡೆದುಕೊಂಡಿವೆ ಎಂದು ಪಕ್ಕದವರನ್ನು ಕೇಳಿದೆ. ಸಣಕಲಾಗಿರುವುದರಿಂದಲೇ ತಡೆದುಕೊಂಡಿವೆ, ಅಲೆಗೆ ಹೊಡೆಯಲು ಅಲ್ಲಿ ಗೋಡೆಯೇ ಇಲ್ಲವಲ್ಲ ಎಂದರು.

ಈ ಕೆಲಸಕ್ಕಾಗಿ ಮಿಚೆಲ್ ಎಪ್ಪತ್ತು ದಾಟಿದ ಮೇಲೆ ಸಂಸಾರಸಮೇತ ಕೋವ್‌ಗೆ ಬಂದು ನೆಲೆಸಿದ್ದರು. ದೋಣಿಯಲ್ಲಿ ಕೆಲಸದ ಜಾಗಕ್ಕೆ ಹೋಗಿ, ಹಲಗೆಗಳ ಮೇಲೆ ತೆವಳಿ, ಜೋಡಣೆಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಿದ್ದರಂತೆ. ಆ ಕಾಲದಲ್ಲಿ ಕಾರ್ಕ್‌ನ ಕ್ವೀನ್ಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು ಜಾರ್ಜ್ ಬೂಲ್. ಇಬ್ಬರಿಗೂ ಗೆಳೆತನವಾಯಿತು.

ಗಣಿತದ ಮೇಷ್ಟ್ರು:
ಬೂಲ್ ಎಂದರೆ ನಮ್ಮ ಬೂಲಿಯನ್ ಬೀಜಗಣಿತದ ಬೂಲ್ ಅವರೇ! ಇಪ್ಪತ್ತೆರಡು ವರ್ಷ ಆ ಪಾಠ ಮಾಡಿದ್ದೇನೆ, ಅವರ ಸ್ನೇಹಿತರ ಪಟ್ಟಿಯಲ್ಲಿ ಒಬ್ಬ ಪೈಲಿಂಗ್ ಎಂಜಿನಿಯರ್ ಇದ್ದರೆಂದು ಇಂದು ತಿಳಿಯಿತು. ಒಬ್ಬರು ಸೊನ್ನೆ ಮತ್ತು ಒಂದರ ಮೇಲೆ ತರ್ಕವನ್ನು ನಿಲ್ಲಿಸಿದರು, ಇನ್ನೊಬ್ಬರು ಕೆಸರಿನ ಮೇಲೆ ದೀಪವನ್ನು ನಿಲ್ಲಿಸಿದರು. ಸಂಜೆ ಕುಳಿತು ಏನು ಮಾತನಾಡುತ್ತಿದ್ದರೋ.

ತುಂಗಾತೀರ:
ಕೋವ್ ಎಂದರೆ ಟೈಟಾನಿಕ್ ಕೊನೆಯದಾಗಿ ನಿಂತ ಬಂದರಲ್ಲವೇ? ಆ ಹಡಗಿನ ಬಗ್ಗೆ ಅಲ್ಲಿ ಏನೇನು ನೋಡಲು ಸಿಗುತ್ತದೆ?

ನಿರ್ವಾಹಕ:
ಟೈಟಾನಿಕ್‌ಗೆ ಬೇರೆ ಎಳೆ ಇದೆ. ಇಲ್ಲಿ ಅಡಿಪಾಯದ ಮಾತೇ ನಡೆಯಲಿ.

ಕಡಲತಡಿ:
ಡಂಪಿ ಲೆವೆಲ್ ಅವರೇ, ಮ್ಯಾಪ್ಲಿನ್ ದೀಪವೇ ಜಗತ್ತಿನ ಮೊದಲ ತಿರುಪು ಪೈಲ್ ದೀಪಸ್ತಂಭ ಎಂದು ಓದಿದ್ದೇನೆ. ತಮ್ಮ ಭಾಷಣದಲ್ಲಿ ಅದನ್ನು ಎತ್ತಿ ಹೇಳಿ.

ಡಂಪಿ ಲೆವೆಲ್:
ಅರ್ಧ ಸರಿ. ಅಡಿಪಾಯ ಹಾಕಿದ್ದು ಮ್ಯಾಪ್ಲಿನ್‌ನಲ್ಲಿ ಮೊದಲು, ದೀಪ ಹಚ್ಚಿದ್ದು ಇಂಗ್ಲೆಂಡಿನ ಫ್ಲೀಟ್‌ವುಡ್ ಬಳಿಯ ವೈರ್‌ನಲ್ಲಿ ಮೊದಲು. ಈ ವ್ಯತ್ಯಾಸದ ಹಿಂದೆ ಒಂದು ಸ್ವಾರಸ್ಯವಿದೆ. ಮ್ಯಾಪ್ಲಿನ್‌ನಲ್ಲಿ ತೆಪ್ಪದ ಮೇಲೆ ಹಡಗಿನ ಲಂಗರು ಎತ್ತುವಂಥ ದೊಡ್ಡ ರಾಟೆಯನ್ನಿಟ್ಟು, ಮೂವತ್ತು ನಲವತ್ತು ಆಳುಗಳು ಅದರ ಸನ್ನೆಗಳನ್ನು ಹಿಡಿದು ಸುತ್ತುತ್ತ, ಒಂಬತ್ತು ಕಂಬಗಳನ್ನು ಒಂಬತ್ತು ದಿನಗಳಲ್ಲಿ ಇಳಿಸಿ ಮುಗಿಸಿದರು. ಆದರೆ ದೀಪಸ್ತಂಭಗಳ ಹೊಣೆ ಹೊತ್ತಿದ್ದ ಟ್ರಿನಿಟಿ ಹೌಸ್ ಸಂಸ್ಥೆಯವರು ಮೇಲಿನ ಕಟ್ಟಡ ಕಟ್ಟಲು ಆತುರಪಡಲಿಲ್ಲ. ಕಂಬಗಳು ಕುಸಿಯುತ್ತವೆಯೋ ಇಲ್ಲವೋ ನೋಡೋಣ ಎಂದು ಎರಡು ವರ್ಷ ಹಾಗೇ ಬಿಟ್ಟರು. ಜೇಮ್ಸ್ ವಾಕರ್ ಅವರ ವಿನ್ಯಾಸದ ಕಟ್ಟಡ ಮೇಲೆದ್ದು ದೀಪ ಉರಿದದ್ದು 1841ರಲ್ಲಿ.

ಅಷ್ಟರಲ್ಲಿ ಮಿಚೆಲ್ ಅವರು ಮಗನ ಜೊತೆಗೂಡಿ ವೈರ್‌ನ ಕೆಲಸವನ್ನು 1839ರ ಕೊನೆಯಲ್ಲಿ ಹಿಡಿದು, ಏಳು ಕಂಬಗಳ ಮೇಲೆ ಕಟ್ಟಿಸಿದ್ದರು. 1840ರ ಜೂನ್ 6ರಂದು ಅಲ್ಲಿ ದೀಪ ಉರಿಯಿತು.

ಚಿಕಿತ್ಸಕ:
ಎರಡು ವರ್ಷ ಕಾದದ್ದು ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ. ಈಗಿನ ಗುತ್ತಿಗೆಯಲ್ಲಿ ಎರಡು ವಾರ ಕಾಯಿರಿ ಎಂದರೂ ಬಿಲ್ಲಿನ ಮಾತು ಎತ್ತುತ್ತಾರೆ.

ರೈಲುಪಥ:
ಈ ಎಳೆಯಲ್ಲಿ ಭಾರತದ ಮಾತೇ ಬಂದಿಲ್ಲವೆಂದು ಬರೆಯುತ್ತಿದ್ದೇನೆ. ನಾನು ರೈಲ್ವೆಯ ಸೇತುವೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿಯವರು 1860ರ ದಶಕದಲ್ಲಿ ಪಶ್ಚಿಮ ಕರಾವಳಿಯ ಗುಂಟ ಮಾರ್ಗ ಹಾಕುವಾಗ ಎದುರಾದದ್ದು ಸಾಲು ಸಾಲು ನದೀಮುಖಗಳು ಮತ್ತು ಕೆಸರಿನ ಖಾಡಿಗಳು. ಕಂಪನಿಯ ಎಂಜಿನಿಯರ್ ಆಗಿದ್ದ ಕರ್ನಲ್ ಜೆ.ಪಿ. ಕೆನಡಿ ಪ್ರತಿ ಸೇತುವೆಗೂ ಬೇರೆ ಬೇರೆ ನಕ್ಷೆ ಮಾಡುವ ಗೋಜಿಗೆ ಹೋಗದೆ, 60 ಅಡಿಯ ಒಂದೇ ಅಳತೆಯ ವಾರೆನ್ ಗರ್ಡರ್‌ಗಳನ್ನು, ಅಂದರೆ ತ್ರಿಕೋನಗಳನ್ನು ಜೋಡಿಸಿದಂಥ ಕಬ್ಬಿಣದ ತೊಲೆಗಳನ್ನು, ಮಿಚೆಲ್ ಅವರ ತಿರುಪು ಪೈಲ್‌ಗಳ ಮೇಲೆ ಕೂರಿಸುವ ಒಂದೇ ಮಾದರಿಯನ್ನು ಹಿಡಿದರು. ಬಿಡಿಭಾಗಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದವು, ಇಲ್ಲಿ ತಿರುಗಿಸಿ ಜೋಡಿಸುವುದಷ್ಟೇ ಕೆಲಸ. ಮದ್ರಾಸಿನಲ್ಲಿಯೂ ಆ ಕಾಲದಲ್ಲಿ ತಿರುಪು ಪೈಲ್‌ಗಳ ಮೇಲೆ ಸಮುದ್ರದೊಳಕ್ಕೆ ಚಾಚಿದ ಕಬ್ಬಿಣದ ಹಡಗುಕಟ್ಟೆ ಎದ್ದಿತು. ಅದಕ್ಕೆ ಮುಂಚೆ ಅಲ್ಲಿ ಸರಕಾಗಲಿ ಮನುಷ್ಯರಾಗಲಿ ಮಸೂಲಾ ದೋಣಿಗಳಲ್ಲಿ ನೊರೆಯಲೆಗಳನ್ನು ದಾಟಿಯೇ ದಡ ಸೇರಬೇಕಿತ್ತು. ಭಾರತದ ತಂತಿ ಕಂಬಗಳ ಬುಡಕ್ಕೂ ಈ ತಿರುಪುಗಳನ್ನು ಬಳಸಿದರೆಂದು ಮಿಚೆಲ್ ಅವರ ಜೀವನಚಿತ್ರಗಳು ಹೇಳುತ್ತವೆ.

ಆದರೆ ಸೋತ ಕಥೆಯನ್ನೂ ಹೇಳಬೇಕು. ಭರೂಚ್ ಬಳಿ ನರ್ಮದೆಗೆ ಇದೇ ಮಾದರಿಯಲ್ಲಿ ಕಟ್ಟಿದ ಮೊದಲ ರೈಲು ಸೇತುವೆ ಪ್ರವಾಹಗಳಲ್ಲಿ ಪದೇ ಪದೇ ಹಾನಿಗೊಂಡಿತು. ನರ್ಮದೆ ಮಳೆಗಾಲದಲ್ಲಿ ತನ್ನ ತಳವನ್ನೇ ಕೊರೆದು ಎತ್ತಿಕೊಂಡು ಹೋಗುವ ನದಿ. ತಿರುಪಿನ ಎಲೆಯ ಬಲವೆಲ್ಲ ಅದರ ಸುತ್ತಲಿನ ಮಣ್ಣಿನಲ್ಲಿದೆ, ಮಣ್ಣೇ ಹೊರಟುಹೋದರೆ ಎಲೆ ಏನನ್ನು ಹಿಡಿದುಕೊಂಡೀತು? ಕೊನೆಗೆ 1877ರಲ್ಲಿ ಹೊಸ ಸೇತುವೆಯನ್ನು ಹಿಡಿದು, ದಪ್ಪನೆಯ ಕಬ್ಬಿಣದ ಕೊಳವೆಗಳನ್ನು ಆಳಕ್ಕಿಳಿಸಿ 1881ರ ಮೇ ತಿಂಗಳಲ್ಲಿ ಮುಗಿಸಿದರು. ಈಗ ಗೋಲ್ಡನ್ ಬ್ರಿಡ್ಜ್ ಎಂದು ಕರೆಯುವುದು ಅದನ್ನೇ.

ಕಡಲತಡಿ:
ಹಾಗಾದರೆ ಮಿಚೆಲ್ ಅವರ ವಿಚಾರದಲ್ಲೇ ದೋಷವಿತ್ತು ಎಂದಾಯಿತಲ್ಲ?

ರೈಲುಪಥ:
ಇಲ್ಲ, ಜಾಗದ ಆಯ್ಕೆಯಲ್ಲಿ ದೋಷವಿತ್ತು. ಮರಳು ಬಂದು ಹೋಗುವ ದಿಬ್ಬಕ್ಕೂ, ತಳವನ್ನೇ ಉಳುವ ನದಿಗೂ ವ್ಯತ್ಯಾಸವಿದೆ. ಅದೇ ಮಾದರಿಯ ಸೇತುವೆಗಳು ಶಾಂತವಾದ ಖಾಡಿಗಳಲ್ಲಿ ದಶಕಗಳ ಕಾಲ ರೈಲು ಹೊತ್ತವು.

ಡಂಪಿ ಲೆವೆಲ್:
ರೈಲುಪಥ ಅವರ ಮಾತಿಗೆ ಪುಷ್ಟಿಯಾಗಿ ಹೇಳುತ್ತೇನೆ: ಮ್ಯಾಪ್ಲಿನ್ ದೀಪಸ್ತಂಭವೂ ಕೊನೆಗೆ 1932ರಲ್ಲಿ ಬಿದ್ದದ್ದು ಬುಡದ ಮರಳು ಕೊರೆದುಹೋಗಿದ್ದರಿಂದಲೇ. ಆದರೂ ತೊಂಬತ್ತು ವರ್ಷ ಉರಿದಿತ್ತು. ವೈರ್‌ನದು ಇನ್ನೊಂದು ಬಗೆಯ ಕಷ್ಟ: 1870ರಲ್ಲಿ ಹಡಗೊಂದು ಬಂದು ಗುದ್ದಿತು, 1948ರಲ್ಲಿ ಬೆಂಕಿ ಬಿದ್ದಿತು, 2017ರಲ್ಲಿ ಉಳಿದ ಅಸ್ಥಿಪಂಜರದ ಒಂದು ಭಾಗವೂ ಕುಸಿಯಿತು. ಮಿಚೆಲ್ ಅವರ ಕಣ್ಣೆದುರೇ, ಅಂದರೆ ಅವರ ಕಾಲದಲ್ಲೇ, ಸೋತ ಕೆಲಸವೂ ಉಂಟು. ಡಬ್ಲಿನ್ ಹೊರಗಿನ ಕಿಶ್ ದಿಬ್ಬದಲ್ಲಿ 1842ರಲ್ಲಿ ತೊಡಗಿದ ದೀಪಸ್ತಂಭವನ್ನು ಬಿರುಗಾಳಿಯ ಹೊಡೆತಕ್ಕೆ ಅರ್ಧಕ್ಕೇ ಬಿಡಬೇಕಾಯಿತು. ಹುಟ್ಟಿದ ಊರಿನ ಬಾಗಿಲಲ್ಲೇ ಆದ ಸೋಲು ಅದು.

ಬಿಳಿಕೋಲು:
"ಕಣ್ಣೆದುರೇ" ಎಂದು ಬರೆದು ತಿದ್ದಿಕೊಂಡದ್ದನ್ನು ನನ್ನ ಫೋನು ಬಹಳ ಗಂಭೀರವಾಗಿ ಓದಿ ಹೇಳಿತು. ಸಂಕೋಚ ಬೇಡ, ನಾವೂ "ನೋಡೋಣ" ಎಂದೇ ಹೇಳುತ್ತೇವೆ.

ಎರೆಹೊಲದವ:
ಗದಗ ಜಿಲ್ಲೆಯ ರೈತ ನಾನು. ಸಮುದ್ರ ಕಂಡವನಲ್ಲ, ಆದರೆ ಬುನಾದಿಯ ಕಷ್ಟ ಕಂಡವನು. ಎಂಟು ವರ್ಷಗಳ ಹಿಂದೆ ಮನೆ ಕಟ್ಟಿಸುವಾಗ ಗುತ್ತಿಗೆದಾರರು ನಾಲ್ಕು ಅಡಿ ತೋಡಿಸಿ, ಕಲ್ಲು ತುಂಬಿ, ಸಾಕು ಎಂದರು. ನಮ್ಮ ಅಜ್ಜಿ ಮಾತ್ರ ಗರಸು ಬರುವ ತನಕ ತೋಡದೆ ಎರೆಯಲ್ಲಿ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದು ಗೊಣಗುತ್ತಲೇ ಇದ್ದರು. ಮೂರನೆಯ ಬೇಸಿಗೆಗೆ ಅಡುಗೆಮನೆಯ ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಬಿರುಕು ಬಿಟ್ಟಿತು. ಮಳೆಗಾಲದಲ್ಲಿ ಅದೇ ಬಿರುಕು ಕೂಡಿಕೊಳ್ಳುತ್ತದೆ, ಮತ್ತೆ ಬೇಸಿಗೆಗೆ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಈಗ ಐದು ರೂಪಾಯಿ ನಾಣ್ಯ ನಿಲ್ಲುತ್ತದೆ.

ಈ ಮಿಚೆಲ್ ಅವರ ತಿರುಪು ನಮ್ಮ ಎರೆಮಣ್ಣಿಗೆ ಬರುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಸೋಲಾರ್ ಹುಡುಗಿ:
ಎರೆಹೊಲದವರೇ, ನಿಮ್ಮ ಅಜ್ಜಿಯವರು ನಮ್ಮ ಪಠ್ಯಪುಸ್ತಕಕ್ಕಿಂತ ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಸೌರಫಲಕಗಳ ಅಡಿಪಾಯದ ವಿನ್ಯಾಸ ಮಾಡುವ ಎಂಜಿನಿಯರ್, ನನಗೆ ತಿಳಿದಷ್ಟು ಬರೆಯುತ್ತೇನೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಉಸಿರಾಟ ಮೇಲಿನ ಪದರಕ್ಕೆ ಮಾತ್ರ ಸೀಮಿತ, ನಮ್ಮ ದೇಶದಲ್ಲಿ ಅದನ್ನು ಸಾಮಾನ್ಯವಾಗಿ ಮೂರೂವರೆ ಮೀಟರ್ ಎಂದು ಹಿಡಿಯುತ್ತಾರೆ. ನಾಲ್ಕು ಅಡಿಯ ನಿಮ್ಮ ಬುನಾದಿ ಆ ಪದರದ ನಡುವೆಯೇ ಕುಳಿತಿದೆ, ಆದ್ದರಿಂದ ಮಣ್ಣಿನ ಜೊತೆ ಅದೂ ಏರಿ ಇಳಿಯುತ್ತಿದೆ. ಇದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಉಪಾಯವೇ ಅಂಡರ್‌ರೀಮ್ಡ್ ಪೈಲ್. ಕೈಬೈರಿಗೆಯಿಂದ ನೆಲದಲ್ಲಿ ಕಿರಿದಾದ ರಂಧ್ರ ಕೊರೆದು, ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲಕ್ಕೆ ಗಡ್ಡೆಯ ಹಾಗೆ ಹಿಗ್ಗಿಸಿ, ಕಾಂಕ್ರೀಟ್ ತುಂಬುತ್ತಾರೆ. ಗಡ್ಡೆ ಉಸಿರಾಡದ ಪದರದಲ್ಲಿ ಕುಳಿತು ಮನೆಯನ್ನು ಹೊರುತ್ತದೆ, ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೆ ಲಂಗರಿನಂತೆ ಹಿಡಿದುಕೊಳ್ಳುತ್ತದೆ. ಗಣಿತದ ಮೇಷ್ಟ್ರು ಮೇಲೆ ಬರೆದ "ಒತ್ತುವುದಕ್ಕೂ ಎಳೆಯುವುದಕ್ಕೂ ಒಂದೇ ಉತ್ತರ" ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ತಿರುಪು ಪೈಲ್ ಕೂಡ ಇಂಥ ಮಣ್ಣಿಗೆ ಬರುತ್ತದೆ, ಉಬ್ಬುವ ಜೇಡಿಯಿರುವ ಅಮೆರಿಕದ ಪ್ರದೇಶಗಳಲ್ಲಿ ಬಳಸುತ್ತಾರೆ. ಕಾಂಡ ಸಣ್ಣದಾದಷ್ಟೂ ಉಬ್ಬುವ ಮಣ್ಣಿಗೆ ಹಿಡಿದೆತ್ತಲು ಸಿಗುವ ಮೈ ಕಡಿಮೆ. ಆದರೆ ಕಟ್ಟಿ ನಿಂತ ನಿಮ್ಮ ಮನೆಗೆ ಯಾವುದು ತಕ್ಕದ್ದು ಎಂಬುದನ್ನು ಸ್ಥಳ ನೋಡಿದ ಎಂಜಿನಿಯರ್ ಹೇಳಬೇಕೇ ಹೊರತು ನಾನು ಇಲ್ಲಿಂದ ಹೇಳಬಾರದು. ಅಷ್ಟರವರೆಗೆ ಮನೆಯ ಸುತ್ತ ನೀರು ನಿಲ್ಲದಂತೆ ಇಳಿಜಾರು ಮಾಡಿಸಿ, ಗೋಡೆಗೆ ಹತ್ತಿಕೊಂಡು ಮರ ಬೆಳೆಸಬೇಡಿ.

ಎರೆಹೊಲದವ:
ಬಹಳ ಉಪಕಾರವಾಯಿತು ತಾಯಿ. ಬೇವಿನ ಮರ ಗೋಡೆಯಿಂದ ಆರು ಅಡಿಯಲ್ಲೇ ಇದೆ. ಅಜ್ಜಿ ಅದಕ್ಕೂ ಗೊಣಗಿದ್ದರು.

ಚಿಕಿತ್ಸಕ:
ಒಂದು ಪ್ರಶ್ನೆ ಉಳಿದಿದೆ. ಇಷ್ಟು ಒಳ್ಳೆಯ ಉಪಾಯ ನಡುವೆ ಏಕೆ ಮರೆಯಾಯಿತು? ನಾನು ಎಂಬತ್ತರ ದಶಕದಲ್ಲಿ ಡಿಪ್ಲೊಮಾ ಓದುವಾಗ ತಿರುಪು ಪೈಲ್‌ಗೆ ಅರ್ಧ ಪುಟ ಇತ್ತು, ಮೇಷ್ಟ್ರು ಪರೀಕ್ಷೆಗೆ ಬರುವುದಿಲ್ಲ ಎಂದು ಅದನ್ನೂ ಬಿಟ್ಟರು.

ಸೋಲಾರ್ ಹುಡುಗಿ:
ತಿರುಗಿಸುವ ಶಕ್ತಿಯ ಕೊರತೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ನಲವತ್ತು ಆಳುಗಳು ಸುತ್ತಿದರೂ ಬರುವ ತಿರುಗುಬಲಕ್ಕೆ ಒಂದು ಮಿತಿಯಿದೆ. ಅತ್ತ ಹಬೆಯ ಸುತ್ತಿಗೆ ಬಲಿಯಿತು, ಕಾಂಕ್ರೀಟ್ ಪೈಲ್‌ಗಳು ಬಂದವು, ತಿರುಪು ಹಿಂದುಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ವಿದ್ಯುತ್ ಕಂಬಗಳನ್ನು ಬಿಗಿಹಿಡಿಯುವ ತಂತಿಗಳ ಲಂಗರಾಗಿ ಉಳಿದುಕೊಂಡಿತ್ತು. ಹೈಡ್ರಾಲಿಕ್ ಮೋಟಾರು ಬಂದ ಮೇಲೆ ಕಟ್ಟಡಗಳಿಗೆ ಹಿಂತಿರುಗಿತು. ಈಗ ಇಬ್ಬರು ಕೆಲಸಗಾರರು ಮತ್ತು ಒಂದು ಚಿಕ್ಕ ಯಂತ್ರ ಸಾಕು.

ಇನ್ನೊಂದು ಲಾಭವಿದೆ. ಇಳಿಸುವಾಗ ಎಷ್ಟು ತಿರುಗುಬಲ ಬೇಕಾಯಿತು ಎಂಬುದರಿಂದಲೇ ಪೈಲ್ ಎಷ್ಟು ಭಾರ ಹೊರುತ್ತದೆಂದು ಅಂದಾಜು ಮಾಡುತ್ತೇವೆ. ಸಣ್ಣ ಚೌಕ ಕಾಂಡದ ಪೈಲ್‌ಗಳಿಗೆ ಪ್ರತಿ ಮೀಟರಿಗೆ 33 ಎಂಬ ಗುಣಕ ರೂಢಿಯಲ್ಲಿದೆ, ತಿರುಗುಬಲವನ್ನು ಅದರಿಂದ ಗುಣಿಸಿದರೆ ಭಾರ ಬರುತ್ತದೆ. 5 ಕಿಲೋನ್ಯೂಟನ್-ಮೀಟರ್ ತಿರುಗುಬಲ ಬಿದ್ದರೆ ಆ ಪೈಲ್ ಸೋಲುವ ಮುನ್ನ ಸುಮಾರು 165 ಕಿಲೋನ್ಯೂಟನ್, ಅಂದರೆ ಹದಿನಾರು ಹದಿನೇಳು ಟನ್ ತಡೆದುಕೊಳ್ಳುತ್ತದೆ, ಅದರ ಅರ್ಧವನ್ನು ಸುರಕ್ಷಿತವೆಂದು ಹಿಡಿಯುತ್ತೇವೆ. ನೆಲ ತನ್ನ ಬಲವನ್ನು ಯಂತ್ರದ ಮೂಲಕ ತಾನೇ ಹೇಳುತ್ತದೆ.

ಬಿಳಿಕೋಲು:
ಇದನ್ನು ಓದಿ ಮೈ ಜುಮ್ಮೆಂದಿತು. ಹಾಗಾದರೆ ರಾಟೆಯ ಸನ್ನೆಗೆ ಕೈಯಿಟ್ಟವರಿಗೆ ಆ ಮಾತು ಆಗಲೂ ಕೇಳಿಸುತ್ತಿತ್ತು. ಈ ಒಂದು ಅಡಿಪಾಯದ ಮಟ್ಟಿಗೆ ಕಣ್ಣಿದ್ದವರಿಗೂ ಇಲ್ಲದವರಿಗೂ ಸಿಗುವ ಮಾಹಿತಿ ಒಂದೇ, ಏಕೆಂದರೆ ನೀರಿನಡಿಯ ಎಲೆಯನ್ನು ಯಾರೂ ನೋಡಲಾರರು.

ಗಣಿತದ ಮೇಷ್ಟ್ರು:
ಅಡಿಪಾಯದ ಪಿತಾಮಹ ಎಂದರೆ ಕಾರ್ಲ್ ಟೆರ್ಜಾಗಿ ಎಂದು ಕೇಳಿದ್ದೇನೆ. ಭಾಷಣಕ್ಕೆ ಅವರು ಇನ್ನೂ ದೊಡ್ಡ ಹೆಸರಾಗುತ್ತಿರಲಿಲ್ಲವೇ?

ಡಂಪಿ ಲೆವೆಲ್:
ಟೆರ್ಜಾಗಿ ಮಣ್ಣಿನ ಶಾಸ್ತ್ರವನ್ನು ಕಟ್ಟಿದವರು, ಅವರ ಮುಖ್ಯ ಗ್ರಂಥ ಬಂದದ್ದು 1925ರಲ್ಲಿ. ಮಿಚೆಲ್ ಪೇಟೆಂಟ್ ಪಡೆದದ್ದು ಅದಕ್ಕೆ 92 ವರ್ಷ ಮುಂಚೆ. ಲೆಕ್ಕ ಮಾಡಲು ಸೂತ್ರವೇ ಇಲ್ಲದ ಕಾಲದಲ್ಲಿ ಲೆಕ್ಕ ತಪ್ಪದಂತೆ ಕಟ್ಟಿದವರ ಬಗ್ಗೆ ಹೇಳುವ ಆಸೆ ನನ್ನದು. 92 ಎಂಬ ಸಂಖ್ಯೆ ಈ ಎಳೆಯಲ್ಲಿ ಎರಡನೆಯ ಸಲ ಬಂದದ್ದು ಕಾಕತಾಳೀಯ.

ಕಾರ್ಕ್ ಕನ್ನಡಿಗ:
ಅವರ ಕಾಲದ ಎಂಜಿನಿಯರ್‌ಗಳೂ ಅವರನ್ನು ಅನುಕಂಪದಿಂದ ನೋಡಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. 1837ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆ ಅವರನ್ನು ಸಹಸದಸ್ಯರನ್ನಾಗಿ ಸೇರಿಸಿಕೊಂಡಿತು. 1848ರಲ್ಲಿ ಸಮುದ್ರದಡಿಯ ಅಡಿಪಾಯಗಳ ಬಗ್ಗೆ ಅವರು ಮಂಡಿಸಿದ ಪ್ರಬಂಧಕ್ಕೆ ಟೆಲ್ಫರ್ಡ್ ಪದಕ ಕೊಟ್ಟಿತು. ಐರ್ಲೆಂಡಿನ ಕೋರ್ಟ್‌ಟೌನ್‌ನಲ್ಲಿ 1847ರಲ್ಲಿ ಕಟ್ಟಿದ ಹಡಗುಕಟ್ಟೆಯದು ಇನ್ನೊಂದು ಚೆಂದದ ವಿಧಾನ: ಕಂಬಕ್ಕೆ ದೊಡ್ಡ ಗಾಲಿ ಕಟ್ಟಿ, ಅದರ ಸುತ್ತ ಹಗ್ಗ ಸುತ್ತಿ, ಕಟ್ಟಿ ಮುಗಿದ ಭಾಗದ ಮೇಲೆ ನಿಂತ ಆಳುಗಳು ಹಗ್ಗ ಎಳೆದೇ ಕಂಬವನ್ನು ಇಳಿಸುತ್ತಿದ್ದರು. ಅಲೆಯೆದ್ದಾಗ ತೆಪ್ಪದ ಮೇಲೆ ನಿಲ್ಲುವುದು ಸಾಧ್ಯವಿಲ್ಲವಲ್ಲ.

ತುಂಗಾತೀರ:
ತೇರು ಎಳೆದ ಹಾಗೆ!

ಡಂಪಿ ಲೆವೆಲ್:
ಎಲ್ಲರಿಗೂ ಕೃತಜ್ಞತೆಗಳು. ಭಾಷಣದ ರೂಪವನ್ನು ಬದಲಾಯಿಸಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟುವುದು ಇಲ್ಲ. ಮೇಜಿನ ಮೇಲೆ ಮರಳು ತುಂಬಿದ ಒಂದು ಪ್ಲಾಸ್ಟಿಕ್ ಡ್ರಮ್ ಇಡುತ್ತೇನೆ. ಎರಡು ಕಬ್ಬಿಣದ ಸರಳುಗಳಲ್ಲಿ ಒಂದಕ್ಕೆ ತುದಿಯಲ್ಲಿ ತಿರುಪಿನ ಎಲೆಯನ್ನು ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವರು ಬೆಸೆದು ಕೊಟ್ಟಿದ್ದಾರೆ, ಇನ್ನೊಂದು ಬೋಳು ಸರಳು. ಎರಡನ್ನೂ ಇಳಿಸಿ, ಒತ್ತಿ ನೋಡಿ, ಎಳೆದು ನೋಡಿ ಎಂದು ಹೇಳುತ್ತೇನೆ. ಆಮೇಲೆ ಬ್ಯಾಲಿಮಕಾರೆಟ್‌ನ ಇಟ್ಟಿಗೆ ಭಟ್ಟಿಯಿಂದ ಕಥೆ ಆರಂಭ. ನರ್ಮದೆಯ ಸೋಲನ್ನೂ ಎರೆಹೊಲದವರ ಅಜ್ಜಿಯನ್ನೂ, ಅವರ ಒಪ್ಪಿಗೆ ಇದ್ದರೆ, ಸೇರಿಸಿಕೊಳ್ಳುತ್ತೇನೆ.

ಎರೆಹೊಲದವ:
ಅಜ್ಜಿಯ ಒಪ್ಪಿಗೆ ಇದೆ. ಯಾವ ತಾರೀಖು ಎಂದು ಎರಡು ಸಲ ಕೇಳಿದರು.

ಸೋಲಾರ್ ಹುಡುಗಿ:
ಸರ್, ಮರಳನ್ನು ಒಣದಾಗಿ ಬಿಡಬೇಡಿ. ಸ್ವಲ್ಪ ನೀರು ಚಿಮುಕಿಸಿ, ಪದರ ಪದರವಾಗಿ ತುಂಬಿ ದಮ್ಮಸು ಮಾಡಿ. ಡ್ರಮ್ಮಿನ ಅಗಲ ನಿಮ್ಮ ಎಲೆಯ ಹತ್ತು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಡ್ರಮ್ಮಿನ ಗೋಡೆಯೇ ಮಣ್ಣನ್ನು ಬಿಗಿಹಿಡಿದು ಸುಳ್ಳು ಬಲ ತೋರಿಸುತ್ತದೆ. ಎಳೆದು ತೋರಿಸುವಾಗ ಡ್ರಮ್ಮೇ ಮೇಲೆದ್ದು ಬರುತ್ತದೆ, ಇಬ್ಬರು ಹುಡುಗರನ್ನು ಅದನ್ನು ಒತ್ತಿ ಹಿಡಿಯಲು ನಿಲ್ಲಿಸಿಕೊಳ್ಳಿ.